ನಾಟಿ ಸಸಿಯನ್ನು ಕಡಿದದ್ದು ಏಡಿಯೋ, ಕೊಂದದ್ದು ಸವಳೋ?

ನಾಟಿ ಮುಗಿದ ನಾಲ್ಕೈದು ದಿನಗಳಲ್ಲಿ ಗದ್ದೆಯೊಳಗೆ ಅಲ್ಲಲ್ಲಿ ಬೋಳು ಬೀಳುವುದು ಭದ್ರಾ ಅಚ್ಚುಕಟ್ಟಿನ ರೈತ ಬಾಂಧವರಿಗೆ ಹೊಸ ಅನುಭವವೇನಲ್ಲ. ದಾವಣಗೆರೆಯಿಂದ ಹರಿಹರದವರೆಗಿನ ಎರೆ ಗದ್ದೆಗಳಲ್ಲಿ, ಅದರಲ್ಲೂ ಕಾಲುವೆಯ ಕೊನೆ ಭಾಗದ ತಾಕುಗಳಲ್ಲಿ, ಇದು ಮತ್ತೆ ಮತ್ತೆ ಕಾಣುವ ದೃಶ್ಯ. ಸಸಿ ಏನಾಯಿತೆಂದು ಕೇಳಿದರೆ ಹೆಚ್ಚಿನವರು ಬದುವಿನಲ್ಲಿರುವ ಬಿಲದ ಕಡೆಗೆ ಬೆರಳು ತೋರಿಸುತ್ತಾರೆ. ಬಿಲವಿದೆ, ಬಿಲದೊಳಗೆ ಏಡಿಯಿದೆ, ಗದ್ದೆಯಲ್ಲಿ ಸಸಿಯಿಲ್ಲ. ಲೆಕ್ಕ ಸರಿಯಾಗಿಯೇ ಇದೆ ಎನಿಸುತ್ತದೆ. ಈ ಲೆಕ್ಕವನ್ನು ನಂಬಿ ನಾನೂ ಒಮ್ಮೆ ತಪ್ಪು ಸಲಹೆ ಕೊಟ್ಟಿದ್ದೇನೆ.

ಆಗ ನಾನು ಕೆಲಸಕ್ಕೆ ಸೇರಿದ ಹೊಸತು. ಮಲೇಬೆನ್ನೂರಿನಿಂದ ಕೆಳಗಿನ ಒಂದು ಹಳ್ಳಿ, ಬೇಸಿಗೆ ಹಂಗಾಮು. ಎರಡು ಎಕರೆ ಗದ್ದೆಯ ಯಜಮಾನರೊಬ್ಬರು ಬದುವಿನ ಮೇಲೆ ನಿಲ್ಲಿಸಿ, "ಸಾರ್, ಏಡಿ ಕಾಟ ಸಾಕಾಗಿ ಹೋಗೇತ್ರಿ" ಎಂದರು. ಬದುವಿನ ಉದ್ದಕ್ಕೂ ಬಿಲಗಳಿದ್ದವು. ನೀರಿನ ಮೇಲೆ ಒಂದೆರಡು ಕಡಿದ ಸಸಿಗಳು ತೇಲುತ್ತಲೂ ಇದ್ದವು. ನೀರನ್ನು ಬಸಿದು ಗದ್ದೆಯನ್ನು ಬರಿಯ ಕೆಸರಿನ ಮಟ್ಟಕ್ಕೆ ತನ್ನಿರಿ, ಬಿಲಗಳಿಗೆ ಹರಳು ಕೀಟನಾಶಕ ಹಾಕಿರಿ ಎಂದು ಹೇಳಿ ಬಂದೆ. ಅವರು ಎರಡನ್ನೂ ಚಾಚೂ ತಪ್ಪದೆ ಮಾಡಿದರು. ವಾರದ ಮೇಲೆ ಹೋಗಿ ನೋಡಿದಾಗ ಏಡಿಗಳು ಸತ್ತಿದ್ದವು, ಅವುಗಳ ಜೊತೆಗೆ ಕಪ್ಪೆ ಮತ್ತು ಮರಿಮೀನುಗಳೂ ಸತ್ತಿದ್ದವು. ಆದರೆ ಬೋಳು ಮಾತ್ರ ನಿಂತಿರಲಿಲ್ಲ. ಒಂದು ಕೋಣೆಯಷ್ಟಿದ್ದದ್ದು ಕಣದಷ್ಟಾಗಿತ್ತು. ಯಜಮಾನರು ಗದ್ದೆಯ ನಡುವಿನ ಉಬ್ಬಿನ ಮೇಲಿಂದ ಉಗುರಿನಲ್ಲಿ ಮಣ್ಣು ಕೆರೆದು ನಾಲಿಗೆಗೆ ಹಚ್ಚಿಕೊಂಡು, "ಉಪ್ಪೈತಿ ಸಾರ್" ಎಂದರು. ಅಷ್ಟೇ. ನನ್ನನ್ನು ಬಯ್ಯಲಿಲ್ಲ.

ಆದದ್ದು ಇಷ್ಟು. ಏಡಿ ಕೆಲವು ಸಸಿಗಳನ್ನು ಕಡಿದಿದ್ದು ನಿಜ. ಹೆಚ್ಚಿನವು ಮಾತ್ರ ಸವಳಿನಿಂದ ಸೊರಗುತ್ತಿದ್ದವು. ನಿಂತ ನೀರು ಆ ಉಪ್ಪನ್ನು ತೆಳ್ಳಗೆ ಮಾಡಿ ಕೆಳಕ್ಕೆ ಒತ್ತಿ ಹಿಡಿದಿತ್ತು. ನಾನು ನೀರು ತೆಗೆಸಿದೆ. ಬಿಸಿಲಿಗೆ ಕೆಸರು ಆರತೊಡಗಿದಂತೆ ಕೆಳಗಿನ ಉಪ್ಪು ಮೇಲೇರಿ ಎಳೆಯ ಬೇರಿನ ಸುತ್ತ ಸೇರಿಕೊಂಡಿತು. ಅವರು ಬೇರೆಯವರಿಂದ ಸಸಿ ಕೊಂಡು ಮತ್ತೆ ನಾಟಿ ಮಾಡಿದರು. ಆ ಪೈರು ಹಾಲುಗಟ್ಟುವ ಹೊತ್ತಿಗೆ ಕಾಲುವೆ ನಿಂತಿತು.

ಕಡಲ ಜೌಗಿನಲ್ಲಿ ಕಂಡದ್ದು

ಬಿಲ ತೋಡುವ ಪ್ರಾಣಿಗೂ ಉಪ್ಪು ನೆಲದ ಸಸಿಗೂ ಇರುವ ಸಂಬಂಧವನ್ನು ವಿಜ್ಞಾನಿಗಳು ಹೆಚ್ಚಾಗಿ ಅಭ್ಯಾಸ ಮಾಡಿರುವುದು ಸಮುದ್ರ ತೀರದ ಉಪ್ಪುನೀರಿನ ಜೌಗುಗಳಲ್ಲಿ. ಉಬ್ಬರ ಬಂದಾಗ ಮುಳುಗಿ, ಇಳಿತವಾದಾಗ ತೆರೆದುಕೊಳ್ಳುವ ಕೆಸರು ಬಯಲು ಅದು. ಅಲ್ಲಿ ಬೆಳೆಯುವುದು ಉಪ್ಪು ತಡೆಯುವ ಹುಲ್ಲು, ಅಲ್ಲಿ ಬಿಲ ತೋಡುವುದು ಏಡಿ. ಅಮೆರಿಕದ ಈಶಾನ್ಯ ಕರಾವಳಿಯ ಇಂಥ ಒಂದು ಜೌಗಿನಲ್ಲಿ, ಒಂದು ಮುಂಗಾಲು ಮಾತ್ರ ದೊಡ್ಡದಾಗಿರುವ ಸಣ್ಣ ಏಡಿಗಳನ್ನು ಕೆಲವು ಪಟ್ಟಿಗಳಿಂದ ತೆಗೆದುಹಾಕಿ ನೋಡಿದ ಪ್ರಯೋಗದ ಫಲಿತಾಂಶ 1985ರಲ್ಲಿ ಪ್ರಕಟವಾಯಿತು. ಏಡಿ ಇಲ್ಲದ ಪಟ್ಟಿಗಳಲ್ಲಿ ಹುಲ್ಲು ಹೆಚ್ಚಾಗಬೇಕಿತ್ತಲ್ಲವೆ? ಒಂದೇ ಹಂಗಾಮಿನಲ್ಲಿ ಅದರ ಬೆಳವಣಿಗೆ ಅರ್ಧದ ಸಮೀಪಕ್ಕೆ ಇಳಿಯಿತು. ಬಿಲಗಳ ಮೂಲಕ ಕೆಸರಿಗೆ ಗಾಳಿ ಸಿಗುತ್ತಿತ್ತು, ಕೊಳೆತ ನೀರು ಬಸಿಯುತ್ತಿತ್ತು. ಬಿಲ ಮುಚ್ಚಿದಾಗ ಬೇರು ಉಸಿರುಗಟ್ಟಿತು. ಕಾಂಡ್ಲಾ ಕಾಡುಗಳಲ್ಲೂ ಹೀಗೆಯೇ. ಗಿಡ ನೀರನ್ನು ಹೀರಿ ಉಪ್ಪನ್ನು ಹೊರಗೇ ಬಿಡುತ್ತದೆ. ಬೇರಿನ ಸುತ್ತ ಹೀಗೆ ಸೇರಿದ ಉಪ್ಪನ್ನು ಏಡಿಯ ಬಿಲದೊಳಗೆ ನುಗ್ಗಿ ಹೊರಡುವ ಉಬ್ಬರದ ನೀರು ತೊಳೆದುಕೊಂಡು ಹೋಗುತ್ತದೆ.

ಹಾಗಾದರೆ ಏಡಿ ಮಿತ್ರನೇ? ಬೇರೂರಿ ನಿಂತ ಗಿಡಕ್ಕೆ ಅನೇಕ ಕಡೆ ಹೌದು. ಎರಡೆಲೆಯ ಸಸಿಗೆ ಅಲ್ಲ. ಬಿಲ ದಟ್ಟವಾಗಿರುವ ಕಡೆ ಏಡಿ ಹೊರಗೆ ಹಾಕುವ ಮಣ್ಣಿನಡಿ ಬೀಜವೂ ಮೊಳಕೆಯೂ ಹೂತುಹೋಗುತ್ತವೆ. ಉಳಿದ ಎಳೆಯ ಕುಡಿಗಳನ್ನು ಏಡಿ ಕಡಿಯುತ್ತದೆ. ಅಮೆರಿಕದ ಅದೇ ಕರಾವಳಿಯ ಕೇಪ್ ಕಾಡ್ ಎಂಬಲ್ಲಿ ರಾತ್ರಿ ಸಂಚರಿಸುವ ಬೇರೊಂದು ಜಾತಿಯ ಏಡಿ ವಿಪರೀತ ಹೆಚ್ಚಿ ತೊರೆ ದಂಡೆಗಳ ಹುಲ್ಲನ್ನೇ ಮೇದು ಬೋಳು ಮಾಡಿತು. ಆ ಏಡಿಯನ್ನು ತಿನ್ನುತ್ತಿದ್ದ ಮೀನು ಮತ್ತು ದೊಡ್ಡ ಏಡಿಗಳನ್ನು ಜನರು ಹಿಡಿದು ಕಡಿಮೆ ಮಾಡಿದ್ದೇ ಅದಕ್ಕೆ ಕಾರಣವೆಂದು ಅಭ್ಯಾಸ ಮಾಡಿದವರು ಹೇಳಿದ್ದಾರೆ. ನಮ್ಮಲ್ಲಿ ಗದ್ದೆಗೆ ವಿಷ ಸುರಿದು ಬೆಳ್ಳಕ್ಕಿಯನ್ನು ದೂರ ಓಡಿಸುವವರು ಇದನ್ನು ಗಮನಿಸಬೇಕು.

ಇಂಥ ನೆಲ ನೋಡಲು ಅಮೆರಿಕಕ್ಕೇ ಹೋಗಬೇಕೆಂದಿಲ್ಲ. ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವ ಕಡೆ ಗಜನಿ ಭೂಮಿಗಳಿವೆ. ಮಳೆಗಾಲದ ನೀರು ಉಪ್ಪನ್ನು ತೊಳೆದ ಮೇಲೆ ಅಲ್ಲಿನವರು ಕಗ್ಗ ಎಂಬ ಉಪ್ಪು ತಡೆಯುವ ಭತ್ತವನ್ನು ಬೆಳೆಯುತ್ತಾರೆ. ಅವರಿಗೆ ಏಡಿಯ ಭಯವಿರುವುದು ಗದ್ದೆಯ ಒಳಗಿಗಿಂತ ಏರಿಯ ಮೇಲೆ. ಮಣ್ಣಿನ ಏರಿಗೆ ಏಡಿ ಕೊರೆದ ತೂತು ದೊಡ್ಡದಾಗಿ ಉಪ್ಪುನೀರು ಒಳನುಗ್ಗಿದರೆ ಬೆಳೆ ಹೋಯಿತು. ಏಡಿಯೂ ಅದೇ, ಬಿಲವೂ ಅದೇ. ಅದು ಎಲ್ಲಿದೆ, ಪೈರಿನ ವಯಸ್ಸೆಷ್ಟು, ಬಿಲಕ್ಕೆ ಇಳಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ಲಾಭ ನಷ್ಟ ನಿಂತಿದೆ.

ನಮ್ಮ ಗದ್ದೆಯ ಸ್ಥಿತಿ

ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಿಂದ ಒಂದು ಲಕ್ಷ ಹೆಕ್ಟೇರಿಗೂ ಮೇಲ್ಪಟ್ಟು ಭೂಮಿಗೆ ನೀರು ಒದಗುತ್ತದೆ. ಎರೆ ಮಣ್ಣಿನಲ್ಲಿ ನೀರು ಬೇಗ ಇಂಗುವುದಿಲ್ಲ, ಇಂಗಿದ್ದು ಬೇಗ ಹೊರಡುವುದೂ ಇಲ್ಲ. ವರ್ಷಕ್ಕೆ ಎರಡು ಬೆಳೆ ಭತ್ತ ಬೆಳೆದು, ಬಸಿಗಾಲುವೆಗಳಲ್ಲಿ ಆಪು ಮತ್ತು ಜಾಲಿ ಬೆಳೆಯಲು ಬಿಟ್ಟರೆ ತಗ್ಗಿನ ತಾಕುಗಳಲ್ಲಿ ಅಂತರ್ಜಲ ಮೇಲೇರುತ್ತದೆ. ಅದು ನೆಲಮಟ್ಟದಿಂದ ಒಂದೂವರೆ ಎರಡು ಮೀಟರಿನೊಳಗೆ ಬಂದಿತೆಂದರೆ, ದೀಪದ ಬತ್ತಿ ಎಣ್ಣೆ ಎಳೆದಂತೆ ಮಣ್ಣು ಆ ನೀರನ್ನು ಮೇಲೆಳೆಯುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಮುಂಗಾರಿನಲ್ಲಿ ಮಳೆ ಅದನ್ನು ಸ್ವಲ್ಪ ತೊಳೆಯುತ್ತದೆ. ಬೇಸಿಗೆ ಬೆಳೆಗೆ ಆ ಆಸರೆಯೂ ಇಲ್ಲ. ಕಾಲುವೆಯ ಸರದಿ ಬರುವವರೆಗೆ ಕಾಯುವ ಕೊನೆ ಭಾಗದವರಿಗೆ ಇದರ ಪೆಟ್ಟು ಹೆಚ್ಚು.

ಕಡಲ ಜೌಗಿಗೆ ಉಬ್ಬರ ಇಳಿತವಿದೆ, ಬಿಲದೊಳಗಿನ ಉಪ್ಪು ಅದರ ಜೊತೆ ಹೊರಟುಹೋಗುತ್ತದೆ. ನಮ್ಮ ಗದ್ದೆಗೆ ಉಬ್ಬರವಿಲ್ಲ. ಏಡಿ ಎಷ್ಟೇ ತೋಡಲಿ, ಕೆಳಗೆ ಬಸಿಗಾಲುವೆ ತೆರೆದಿರದಿದ್ದರೆ ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಬದುವಿನ ತೂತಿನಿಂದ ನೀರು ಮಾತ್ರ ಪಕ್ಕದವರ ತಾಕಿಗೆ ಹೋಗುತ್ತದೆ, ಜಗಳ ಮನೆಗೆ ಬರುತ್ತದೆ.

ಭತ್ತದ ಸ್ವಭಾವವನ್ನೂ ಇಲ್ಲಿ ಹೇಳಬೇಕು. ಮೊಳಕೆಯೊಡೆಯುವಾಗ ಅದು ಉಪ್ಪನ್ನು ಸಾಕಷ್ಟು ತಡೆಯುತ್ತದೆ. ಎರಡು ಮೂರು ಎಲೆಯ ಸಸಿಯಾದಾಗ ತೀರ ಸೂಕ್ಷ್ಮವಾಗುತ್ತದೆ. ತೆಂಡೆಯೊಡೆಯುವಾಗ ಮತ್ತೆ ಗಟ್ಟಿಯಾಗಿ, ಹೂ ಬಿಡುವ ಕಾಲಕ್ಕೆ ಪುನಃ ಸೂಕ್ಷ್ಮವಾಗುತ್ತದೆ. ಮಣ್ಣಿನ ಲವಣಾಂಶ ಮೀಟರಿಗೆ 3 ಡೆಸಿಸೈಮನ್ ದಾಟಿದ ಮೇಲೆ ಪ್ರತಿ ಒಂದು ಅಂಶ ಹೆಚ್ಚಿದಂತೆ ಇಳುವರಿ ಸುಮಾರು ಶೇ. 12ರಷ್ಟು ಇಳಿಯುತ್ತದೆಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಅಂದರೆ 6 ಇದ್ದಲ್ಲಿ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಕಳೆಯಿತು. ಏಡಿ ಸಸಿಯನ್ನು ಕಡಿಯುವುದೂ ನಾಟಿಯಾದ ಮೊದಲ ಹತ್ತು ಹನ್ನೆರಡು ದಿನಗಳಲ್ಲಿ, ಕಾಂಡ ಎಳೆಯದಿರುವಾಗ. ಎರಡು ಶತ್ರುಗಳೂ ಒಂದೇ ವಾರದಲ್ಲಿ ಬರುವುದರಿಂದಲೇ ಒಂದರ ತಪ್ಪು ಇನ್ನೊಂದರ ತಲೆಗೆ ಬೀಳುತ್ತದೆ.

ಗುರುತಿಸುವ ಬಗೆ

ಮೊದಲು ಬೋಳು ಎಲ್ಲಿದೆ ನೋಡಿರಿ. ಏಡಿಯ ಹಾನಿ ಬದುವಿನ ಪಕ್ಕದ ಸಾಲುಗಳಲ್ಲಿ, ಮಡವೆಯ ಹತ್ತಿರ ಹೆಚ್ಚು. ಒಳಗೆ ಹೋದಂತೆ ಕಡಿಮೆಯಾಗುತ್ತದೆ. ಬುಡದಲ್ಲಿ ಕತ್ತರಿಸಿದ ಸಸಿ ಬೆಳಗಿನ ಹೊತ್ತು ನೀರಿನ ಮೇಲೆ ತೇಲುತ್ತಿರುತ್ತದೆ, ಇಲ್ಲವೆ ಬಿಲದ ಬಾಯಿಗೆ ಎಳೆದೊಯ್ದ ಗುರುತಿರುತ್ತದೆ. ಉಳಿದ ಸಸಿಗಳು ಹಸಿರಾಗಿಯೇ ಇರುತ್ತವೆ. ಸವಳಿನ ಹಾನಿ ಬದುವನ್ನು ಲೆಕ್ಕಿಸುವುದಿಲ್ಲ. ಗದ್ದೆ ಸಮತಟ್ಟಾಗಿರದಿದ್ದರೆ ಉಬ್ಬಿದ ಜಾಗಗಳಲ್ಲಿ ಮೊದಲು ಕಾಣುತ್ತದೆ. ಎಲೆಯ ತುದಿ ಬಿಳಿಚಿ ಸುರುಳಿ ಸುತ್ತುತ್ತದೆ, ಹಳೆಯ ಎಲೆ ಕಂದಾಗುತ್ತದೆ. ಸತ್ತ ಸಸಿ ನಿಂತಲ್ಲೇ ನಿಂತಿರುತ್ತದೆ, ಕಿತ್ತರೆ ಹೊಸ ಬೇರು ಇರುವುದಿಲ್ಲ.

ಬಿಲದ ಬಾಯಿಯೂ ಮಾತಾಡುತ್ತದೆ. ಏಡಿಯ ಬಿಲದ ಸುತ್ತ ಹಸಿ ಮಣ್ಣಿನ ಉಂಡೆಗಳಿರುತ್ತವೆ, ಬಿಲ ನೀರಿರುವ ಮಟ್ಟದವರೆಗೆ ಇಳಿಯುತ್ತದೆ. ಗದ್ದೆಯ ಸಣ್ಣ ಹೆಗ್ಗಣದ ಬಿಲದ ಮುಂದೆ ಪುಡಿ ಮಣ್ಣಿನ ಗುಡ್ಡೆಯಿದ್ದು, ಎಷ್ಟೋ ಸಲ ಬಾಯಿಯನ್ನೇ ಮಣ್ಣಿನಿಂದ ಮುಚ್ಚಿಕೊಂಡಿರುತ್ತದೆ. ಹೆಗ್ಗಣ ಸಸಿಮಡಿಯ ಬೀಜವನ್ನು ತಿನ್ನುವುದುಂಟು. ಅದರ ದೊಡ್ಡ ಹಾವಳಿ ತೆಂಡೆಯೊಡೆದ ಮೇಲೆ, ಕಾಂಡವನ್ನು ಓರೆಯಾಗಿ ಕಡಿಯುವುದರಲ್ಲಿ.

ಇಷ್ಟಾದರೂ ಸಂಶಯ ಉಳಿದರೆ, ಜೌಗಿನಲ್ಲಿ ಪ್ರಯೋಗ ಮಾಡುವವರು ಏಡಿ ನುಗ್ಗದಂತೆ ಜಾಲರಿ ಕಟ್ಟಿ ನೋಡುವ ಉಪಾಯವನ್ನು ನೀವೂ ಮಾಡಬಹುದು. ತಳ ತೆಗೆದ ಮೂರು ಹಳೆಯ ಬಿದಿರು ಬುಟ್ಟಿಗಳು ಸಾಕು. ಒಂದನ್ನು ಬದುವಿನ ಪಕ್ಕದಲ್ಲಿ, ಒಂದನ್ನು ಬೋಳಿನ ನಡುವೆ, ಮೂರನೆಯದನ್ನು ಪೈರು ಚೆನ್ನಾಗಿರುವಲ್ಲಿ ಒಂದು ಗೇಣು ಆಳಕ್ಕೆ ಕೆಸರಿನಲ್ಲಿ ಒತ್ತಿ ನಿಲ್ಲಿಸಿರಿ. ಒಳಗೆ ಏಡಿ ಸಿಕ್ಕಿಬಿದ್ದಿಲ್ಲವೆಂದು ಕೈಯಾಡಿಸಿ ನೋಡಿರಿ. ಪ್ರತಿ ಬುಟ್ಟಿಯೊಳಗೆ ನಾಲ್ಕು ಗುಣಿ, ಹೊರಗೆ ಪಕ್ಕದಲ್ಲೇ ಕಡ್ಡಿ ನೆಟ್ಟು ನಾಲ್ಕು ಗುಣಿ, ಒಂದೇ ಮಡಿಯ ಸಸಿಯನ್ನು ಹಚ್ಚಿರಿ. ಬಿದಿರಿನ ಸಂದಿಯಿಂದ ನೀರು ಓಡಾಡುತ್ತದೆ, ಉಪ್ಪೂ ಓಡಾಡುತ್ತದೆ, ಏಡಿ ಮಾತ್ರ ಒಳಗೆ ಬರುವುದಿಲ್ಲ. ಎರಡು ಮೂರು ರಾತ್ರಿಯಲ್ಲಿ ಹೊರಗಿನದು ಹೋಗಿ ಒಳಗಿನದು ಉಳಿದರೆ ಏಡಿ. ವಾರದೊಳಗೆ ಒಳಗಿನದೂ ಹೊರಗಿನದೂ ಒಟ್ಟಿಗೆ ಬಿಳಿಚಿದರೆ ಸವಳು. ಆ ಯಜಮಾನರ ಗದ್ದೆಯಲ್ಲಿ ಮರುವರ್ಷ ಹೀಗೆ ಮಾಡಿ ನೋಡಿದೆವು. ಬದುವಿನ ಬುಟ್ಟಿ ಏಡಿಯೆಂದಿತು, ನಡುವಿನ ಬುಟ್ಟಿ ಸವಳೆಂದಿತು. ಎರಡೂ ನಿಜವಾಗಿತ್ತು.

ಏಡಿಯೆಂದು ಖಚಿತವಾದರೆ

ಏಡಿ ಹಿಡಿಯಲು ಒಳ್ಳೆಯ ಕಾಲ ನಾಟಿಗೆ ಮುಂಚೆಯೇ. ಬೇಸಿಗೆಯಲ್ಲಿ ಆಳದ ಬಿಲದಲ್ಲಿ ಅಡಗಿದ್ದ ಏಡಿ ಗದ್ದೆಗೆ ಮೊದಲ ನೀರು ಬಂದಾಗ ಹೊರಬರುತ್ತದೆ. ಕೆಸರು ಮಾಡಿದ ದಿನದಿಂದ ನಾಟಿಯವರೆಗಿನ ರಾತ್ರಿಗಳಲ್ಲಿ ಬದುವಿನ ಬುಡದಲ್ಲಿ ಮಡಕೆಗಳನ್ನು ಬಾಯಿ ನೆಲಮಟ್ಟಕ್ಕೆ ಬರುವಂತೆ ಹೂತು, ಒಳಗೆ ಹಿಡಿಯಷ್ಟು ಅಕ್ಕಿ ತೌಡನ್ನೋ ಹಳಸಿದ ಅನ್ನವನ್ನೋ ಇಟ್ಟರೆ ಬಿದ್ದ ಏಡಿ ಹತ್ತಿ ಬರಲಾರದು. ನಮ್ಮ ಸಿಹಿನೀರಿನ ಏಡಿಯ ಮೊಟ್ಟೆಯಿಂದ ನೇರವಾಗಿ ಮರಿ ಏಡಿಯೇ ಹೊರಬರುತ್ತದೆ. ಸಮುದ್ರದ ಏಡಿಯಂತೆ ನೀರಿನಲ್ಲಿ ತೇಲುವ ಮರಿಹುಳುವಿನ ಹಂತವಿಲ್ಲ. ತಾಯಿ ಹೊಟ್ಟೆಯ ಮಡಿಕೆಯಲ್ಲಿ ಮೊಟ್ಟೆ ಮರಿಗಳನ್ನು ಹೊತ್ತಿರುತ್ತದೆ. ಆದ್ದರಿಂದ ಹೊಟ್ಟೆ ಅಗಲವಾದ ಒಂದು ಹೆಣ್ಣನ್ನು ಹಿಡಿದರೆ ಅದರ ಸಂಸಾರವನ್ನೇ ಹಿಡಿದಂತೆ. ಹಿಡಿದದ್ದನ್ನು ಏನು ಮಾಡಬೇಕೆಂದು ಏಡಿ ಸಾರಿನ ರುಚಿ ಬಲ್ಲವರಿಗೆ ನಾನು ಹೇಳಬೇಕಾಗಿಲ್ಲ. ಚೆನ್ನಾಗಿ ಬೇಯಿಸಿರಿ, ಔಷಧಿ ಹಾಕಿದ ಗದ್ದೆಯದನ್ನು ಮುಟ್ಟಬೇಡಿರಿ.

ನಾಟಿಗೆ ಮುನ್ನ ಬದುವಿನ ಒಳಮೈಯನ್ನು ಕೆತ್ತಿ, ಬಿಲಗಳಿಗೆ ಗಟ್ಟಿ ಜೇಡಿ ತುಂಬಿ ತುಳಿದು, ಮೇಲೆ ಕೆಸರು ಮೆತ್ತಿರಿ. ಬದು ಒಂದು ಅಡಿಗಿಂತ ಅಗಲವಾದಷ್ಟೂ ಹೆಗ್ಗಣಕ್ಕೆ ಮನೆ ಕಟ್ಟಿಕೊಟ್ಟಂತೆ. ಹೆಗ್ಗಣಕ್ಕೆ ವಿಷವಿಡುವುದಾದರೆ ಇಡೀ ಊರಿನವರು ಒಂದೇ ದಿನ, ಬೆಳೆ ಇಲ್ಲದ ಬೇಸಿಗೆಯಲ್ಲಿ ಇಡಬೇಕು. ಸಂಜೆ ಬಿಲಗಳನ್ನು ಮುಚ್ಚಿ, ಬೆಳಿಗ್ಗೆ ತೆರೆದಿರುವವಕ್ಕೆ ಮಾತ್ರ ಎರಡು ದಿನ ವಿಷವಿಲ್ಲದ ನುಚ್ಚು, ಆಮೇಲೆ 960 ಗ್ರಾಂ ನುಚ್ಚಿಗೆ 20 ಗ್ರಾಂ ಎಣ್ಣೆ ಹಾಗೂ 20 ಗ್ರಾಂ ಝಿಂಕ್ ಫಾಸ್ಫೈಡ್ ಸೇರಿಸಿದ್ದು. ಬರಿಗೈಯಿಂದ ಮುಟ್ಟಬಾರದು. ಸತ್ತದ್ದನ್ನು ಆಳವಾಗಿ ಹೂಳಬೇಕು.

ಬಿಲಕ್ಕೆ ಹರಳು ಸುರಿಯುವ ಚಟವನ್ನು ಮಾತ್ರ ಬಿಡಿರಿ. ಇದಕ್ಕೆ ಬಹಳವಾಗಿ ಬಳಕೆಯಾಗುತ್ತಿದ್ದ ಫೋರೇಟ್ 2020ರ ಕೊನೆಯಿಂದ ದೇಶದಲ್ಲಿ ನಿಷೇಧವಾಗಿದೆ. ಯಾರದೋ ಮನೆಯ ಅಟ್ಟದಲ್ಲಿ ಹಳೆಯ ಚೀಲ ಉಳಿದಿದ್ದರೂ ಅದನ್ನು ಬಳಸಲಾಗದು. ನಮ್ಮ ಗದ್ದೆಗಳಿಂದ ಬಸಿದ ನೀರು ಹಳ್ಳ ಸೇರಿ ತುಂಗಭದ್ರೆಗೆ ಇಳಿಯುತ್ತದೆ, ಹರಿಹರದ ಜನ ಕುಡಿಯುವುದು ಅದೇ ಹೊಳೆಯ ನೀರನ್ನು.

ಸವಳೂ ಇದ್ದರೆ

ಇಲ್ಲಿಯೇ ನನ್ನ ಹಳೆಯ ಸಲಹೆ ಕೆಟ್ಟದ್ದು. ಸವಳಿಲ್ಲದ ಗದ್ದೆಯಲ್ಲಿ ವಾರದ ಮಟ್ಟಿಗೆ ನೀರು ಇಳಿಸಿದರೆ ಏಡಿಯ ಓಡಾಟ ತಗ್ಗುತ್ತದೆ, ಬೆಳ್ಳಕ್ಕಿಗಳಿಗೆ ಹಿಡಿಯಲೂ ಸುಲಭ. ಸವಳು ತಾಕಿನಲ್ಲಿ ಕೆಸರು ಆರಗೊಡಬಾರದು. ಎರಡು ಮೂರು ಸೆಂಟಿಮೀಟರ್ ತೆಳುನೀರು ನಿಲ್ಲಿಸಿ, ಸರದಿ ಸಿಕ್ಕಾಗಲೆಲ್ಲ ಹಳೆಯ ನೀರನ್ನು ಬಸಿಗಾಲುವೆಗೆ ಬಿಟ್ಟು ಅದೇ ದಿನ ಹೊಸ ನೀರು ಕಟ್ಟಿರಿ. ನೀರು ತೆಗೆಯುವುದಕ್ಕೂ ನೀರು ಬದಲಿಸುವುದಕ್ಕೂ ಇರುವ ಅಂತರ ಇಲ್ಲಿ ಒಂದು ಬೆಳೆಯ ಅಂತರ. ನಾಟಿಗೆ ಮುನ್ನ ಗದ್ದೆಯನ್ನು ಸಮ ಮಾಡಿ, ನಾಲ್ಕು ಬೆರಳು ನೀರು ನಿಲ್ಲಿಸಿ ಎರಡು ಮೂರು ದಿನದ ಮೇಲೆ ಹೊರಬಿಡುವ ಕೆಲಸವನ್ನು ಎರಡು ಸಲ ಮಾಡಿದರೆ ಮೇಲ್ಪದರದ ಉಪ್ಪು ಬಹುಮಟ್ಟಿಗೆ ಹೋಗುತ್ತದೆ.

ಇಂಥ ತಾಕಿಗೆ ಸಸಿಯ ವಯಸ್ಸು ಮುಖ್ಯ. ಯಂತ್ರದ ನಾಟಿಗೆ ತಟ್ಟೆಯಲ್ಲಿ ಬೆಳೆಸುವ 15-18 ದಿನದ ಸಸಿ, ಶ್ರೀ ಪದ್ಧತಿಯ ಅದಕ್ಕೂ ಎಳೆಯ ಸಸಿ ಒಳ್ಳೆಯ ಭೂಮಿಗೆ ಸರಿ. ಸವಳಿಗೂ ಏಡಿಗೂ ಅದು ಸುಲಭದ ತುತ್ತು. 30-35 ದಿನದ ಗಟ್ಟಿ ಸಸಿಯನ್ನು ಗುಣಿಗೆ ನಾಲ್ಕರಂತೆ ಹಚ್ಚುವುದು ಮೇಲು. ಬದುವಿನ ಪಕ್ಕದ ಎರಡು ಸಾಲನ್ನು ಇನ್ನೂ ದಟ್ಟವಾಗಿ ಹಚ್ಚಿ, ಗದ್ದೆಯ ಒಂದು ಮೂಲೆಯಲ್ಲಿ ನಾಲ್ಕು ಕಟ್ಟು ಸಸಿಯನ್ನು ಒತ್ತೊತ್ತಾಗಿ ಊರಿಡಿರಿ. ಗುಣಿ ತುಂಬಲು ಬೇರೆಯವರ ಮನೆ ಬಾಗಿಲಿಗೆ ಹೋಗಬೇಕಾಗುವುದಿಲ್ಲ.

ಎಲ್ಲ ಸವಳೂ ಒಂದೇ ಅಲ್ಲ. ಬಿಳಿ ಉಪ್ಪು ಕಾಣುವ, ರಸಸಾರ 8.5ಕ್ಕಿಂತ ಕಡಿಮೆ ಇರುವ ನೆಲ ನೀರಿನಿಂದ ತೊಳೆದರೆ ಸುಧಾರಿಸುತ್ತದೆ. ರಸಸಾರ 8.5 ಮೀರಿ ಸೋಡಿಯಂ ಹೆಚ್ಚಿರುವ ಕರಲು ನೆಲ ಬರಿಯ ನೀರಿಗೆ ಬಗ್ಗುವುದಿಲ್ಲ. ಅಲ್ಲಿ ಮಣ್ಣು ಪರೀಕ್ಷೆಯಂತೆ ಜಿಪ್ಸಂ ಹಾಕಿ ಮೇಲ್ಪದರದಲ್ಲಿ ಬೆರೆಸಿ, ಹತ್ತು ಹದಿನೈದು ದಿನ ನೀರು ನಿಲ್ಲಿಸಿ, ಆಮೇಲೆ ಡಯಾಂಚ ಬಿತ್ತಿ 45 ದಿನಕ್ಕೆ ಮಣ್ಣಿಗೆ ಸೇರಿಸಬೇಕು. ಮಣ್ಣು ಕಳಿಸುವಾಗ ಬೋಳಿನದನ್ನೂ ಚೆನ್ನಾಗಿರುವ ಕಡೆಯದನ್ನೂ ಬೇರೆ ಬೇರೆ ಚೀಲದಲ್ಲಿ ಕಳಿಸಿರಿ. ಎರಡನ್ನೂ ಬೆರೆಸಿ ತಂದವರಿಗೆ ಪ್ರಯೋಗಾಲಯ ಕೊಡುವ ಅಂಕಿ ಗದ್ದೆಯ ಯಾವ ಮೂಲೆಗೂ ಹೊಂದುವುದಿಲ್ಲ.

ಯಜಮಾನರ ತಾಕು ಈಗ ಅವರ ಮಗನ ಕೈಯಲ್ಲಿದೆ. ನಡುವಿನ ಉಬ್ಬನ್ನು ಕೆತ್ತಿ ಸಮ ಮಾಡಿದ್ದಾರೆ, ಮುಂಗಾರಿಗೆ ಮುಂಚೆ ಡಯಾಂಚ ಹಾಕುತ್ತಾರೆ, ಬೋಳು ಒಂದು ಮಂಚದಷ್ಟಕ್ಕೆ ಇಳಿದಿದೆ. ಬದುವಿನಲ್ಲಿ ಏಡಿ ಈಗಲೂ ಇದೆ, ಅದಕ್ಕೆ ಅವರು ಮಡಕೆ ಹೂಳುತ್ತಾರೆ. ತಾಕಿನ ಕೆಳಗಿನ ಬಸಿಗಾಲುವೆ ಮಾತ್ರ ಮೂರು ಜಮೀನು ದಾಟಿದ ಮೇಲೆ ಜಾಲಿಯಲ್ಲಿ ಮುಚ್ಚಿಹೋಗಿದೆ. ಅದನ್ನು ತೆರೆಯಲು ಆ ಮೂರು ಮನೆಯವರು ಇನ್ನೂ ಒಟ್ಟಿಗೆ ಕುಳಿತಿಲ್ಲ.